ಗೋಡೆಗೆ ತೂಗುಹಾಕಿದ ಒನಕೆ

"ಮುಟ್ಟಿ ನೋಡಿ, ಸಂಕೋಚ ಬೇಡ," ಎಂದ ಡ್ವೇನ್ ಹ್ಯಾಲ್ಬರ್ಟ್. "ಇಲ್ಲಿಯ ಅಜ್ಜಿಯರು ಇದರಲ್ಲೇ ಬಾಳೆಕಾಯಿ ಕುಟ್ಟುತ್ತಿದ್ದರು. ಅಸಲಿ ಸಾಮಾನು. ನಾಳೆ ನಿಮ್ಮ ಹಜಾರದ ಗೋಡೆಗೂ ಇಂಥದೊಂದು ಹುಡುಕಿ ಕೊಡೋಣ."

ಹುಲ್ಲಿನ ಟೋಪಿ ತೊಟ್ಟ ಬಿಳಿಯ ಮುದುಕಿ ಕೈ ಚಾಚಿ ಗೋಡೆಯ ಮೇಲಿನ ಒನಕೆಯನ್ನು ಬೆರಳತುದಿಯಿಂದ ಸವರಿದಳು. ಅವಳ ಗಂಡ ಫೋಟೋ ತೆಗೆದುಕೊಂಡ.

ಜಾಗ, ಮನೆ ಮಾರುವ ಹ್ಯಾಲ್ಬರ್ಟನ ಕಚೇರಿಯ ಬಾಗಿಲಲ್ಲಿ ನಿಂತಿದ್ದ ಪೊಲೀಸ್ ಸಾರ್ಜೆಂಟ್ ಸಬೀನಾ ಒಗಾಲ್ದೆಸ್ ಏನೋ ಹೇಳಬೇಕೆಂದು ಬಂದವಳು ಒನಕೆಯ ಸುತ್ತಲಿನ ಸುಟ್ಟ ಗೆರೆಯನ್ನು ಕಂಡಳು.

ಅದು ಅವಳ ಅಜ್ಜಿಯ ಒನಕೆ.

ಸೋದರಮಾವ ಕಾತಾರಿನೋನ ಹೆಣ ಹಿನ್ನೀರಿನಲ್ಲಿ ತೇಲಿದ ದಿನದಿಂದ ಅದು ಕಾಣೆಯಾಗಿತ್ತು. ಕುಡಿದ ಅಮಲಿನಲ್ಲಿ ದೋಣಿಯಿಂದ ಬಿದ್ದ, ದೋಣಿಯ ಅಂಚು ತಲೆಗೆ ಬಡಿಯಿತು ಎಂದು ಠಾಣೆ ಬರೆದು ಕೈತೊಳೆದುಕೊಂಡಿತ್ತು. ದೋಣಿಯ ಅಂಚು ಸೀಳುತ್ತದೆ. ಸಬೀನಾ ನೋಡಿದ ಗಾಯ ಸೀಳಿದ್ದಲ್ಲ. ನಡುನೆತ್ತಿಯಲ್ಲಿ, ಲೋಟದ ತಳ ಒತ್ತಿದ ಹಾಗೆ, ದುಂಡಗೆ ತಗ್ಗಾಗಿತ್ತು.

ದುಂಡಗಿನ ಒನಕೆಯ ತಲೆ ಈಗ ಅವಳ ಕಣ್ಣೆದುರಿಗೇ ಇತ್ತು. ಮೇಲೊಂದು ದೀಪವನ್ನೂ ಹಾಕಿದ್ದರು, ದೇವರ ಪಟಕ್ಕೆ ಹಾಕಿದ ಹಾಗೆ.

ಹೊರಗೆ ಮಣ್ಣು ತಳ್ಳುವ ಯಂತ್ರ ಗುರುಗುಡುತ್ತಿತ್ತು. ಮಧ್ಯಾಹ್ನ ತಿರುಗಿದೊಡನೆ ಅದು ಮಾವನ ಮನೆಯ ಮೇಲೆ ಹಾಯಬೇಕೆಂದು ಅಪ್ಪಣೆಯಾಗಿತ್ತು. ಆ ಜಾಗ ಕಾತಾರಿನೋ ಬದುಕಿರುವ ತನಕ ಅವನದು, ಅವನ ನಂತರ ಸರ್ಕಾರದ್ದು. ಸರ್ಕಾರ ಅದನ್ನು ಹ್ಯಾಲ್ಬರ್ಟನ ಕಂಪನಿಗೆ ಕೊಡುವುದಾಗಿ ಮೊದಲೇ ಮಾತು ಕೊಟ್ಟುಬಿಟ್ಟಿತ್ತು. ಹೀಗಾಗಿ ಆ ಮುದುಕನ ಉಸಿರೊಂದೇ ಅಡ್ಡವಾಗಿತ್ತು. ಈಗ ಅದೂ ಇರಲಿಲ್ಲ.

ಮುಂಜಾನೆ ಸೂಪರಿಂಟೆಂಡೆಂಟ್ ವೆಸ್ಟ್‌ಬಿ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಗಾಯ ದುಂಡಗಿತ್ತು, ಚೌಕಾಗಿತ್ತು ಅಂತ ನನ್ನ ತಲೆ ತಿನ್ಬೇಡ ಸಬೀನಾ. ಕೈಯಲ್ಲಿ ಹಿಡಿಯೋಕೆ ಆಗೋ ಅಂಥದ್ದು ಒಂದು ತಗೊಂಡು ಬಾ. ಕೊಲೆ ಅಂತ ಆದ್ರೆ ಆ ಮನೆ ಕೊಲೆ ನಡೆದ ಜಾಗ, ಒಂದು ಹಲಗೇನೂ ಯಾರೂ ಅಲ್ಲಾಡಿಸೋ ಹಾಗಿಲ್ಲ. ಇಲ್ಲಾಂದ್ರೆ ಅವರ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲು."

ಇನ್ನೆರಡು ದಿನ ತಾಳಿ ಎಂದು ಹ್ಯಾಲ್ಬರ್ಟನನ್ನು ಕೇಳಿಕೊಳ್ಳಲು ಅವಳು ಬಂದಿದ್ದಳು. ಬೇಡಿಕೊಳ್ಳುವುದಕ್ಕೇ ಬಂದಿದ್ದಳು. ದಾರಿಯುದ್ದಕ್ಕೂ ಆ ಸಿಹಿಮಾತುಗಳನ್ನು ಬಾಯಲ್ಲಿ ಹೊರಳಿಸಿಕೊಂಡು ಬಂದದ್ದು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹ್ಯಾಲ್ಬರ್ಟ್ ಇನ್ನೂ ಅವಳನ್ನು ನೋಡಿರಲಿಲ್ಲ. ಅವನ ಮಾತು ಎಣ್ಣೆ ಹಾಕಿದ ಚಕ್ರದ ಹಾಗೆ ಉರುಳುತ್ತಿತ್ತು.

"ಬೆಲೀಝ್ ಪುಟ್ಟ ದೇಶ. ಅದೇ ಅದರ ಚೆಲುವು. ಇಡೀ ದೇಶದ ಜನ ನಿಮ್ಮೂರಿನ ಒಂದು ಮೂಲೆಗೆ ಸಾಲದು. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಹಿಮ ಗುಡಿಸುವ ಗೋಳಿಲ್ಲ, ಕೋಟು ಒಗೆಯುವ ಗೋಳಿಲ್ಲ. ಬೆಳಗ್ಗೆ ಹವಳದ ದಂಡೆಯಲ್ಲಿ ಈಜಿ, ಊಟದ ಹೊತ್ತಿಗೆ ಕಾಡಿನ ಜಲಪಾತದ ಕೆಳಗೆ ಕೂತಿರಬಹುದು. ಗಾಳಿ ಯಾವಾಗಲೂ ಸಮುದ್ರದ ಕಡೆಯಿಂದಲೇ. ಜನ ಸರಳ. ಏನು ಕೇಳಿದರೂ ನಗುತ್ತಾರೆ."

ಕೊನೆಯ ಎರಡು ಮಾತು ಬಿಟ್ಟರೆ ಉಳಿದದ್ದರಲ್ಲಿ ಒಂದೂ ಸುಳ್ಳಲ್ಲ. ಸಬೀನಾಳಿಗೆ ಮೈಯುರಿ ಎದ್ದದ್ದೇ ಅದಕ್ಕೆ. ಆ ಗಾಳಿ, ಆ ದಂಡೆ, ಆ ಬಿಸಿಲು ಅವಳವು. ಅವಳದನ್ನೇ ಅವಳ ಮುಂದೆ ತೂಕ ಹಾಕಿ ಮಾರುತ್ತಿದ್ದ. ಸುಳ್ಳು ಹೇಳಿ ಮಾರಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಊರಿನ ಹೆಸರನ್ನೂ ಅವನು ಬಿಟ್ಟಿರಲಿಲ್ಲ. ಊರಿಗೆ ಸ್ಯಾಂಡ್‌ಫ್ಲೈ ಬೈಟ್ ಎಂಬ ಹೆಸರು ಬಂದದ್ದು ಮರಳುನೊಣದಿಂದ. ಗಾಳಿ ನಿಂತ ಗಳಿಗೆಗೆ ಮೇಲೆದ್ದು ಕಾಲು ಕಿತ್ತು ತಿನ್ನುವ ಹುಳ ಅದು. ಹ್ಯಾಲ್ಬರ್ಟನ ಫಲಕಗಳಲ್ಲಿ ಊರು 'ನೀಲಿ ನೆಮ್ಮದಿ' ಆಗಿತ್ತು.

"ಸ್ವಾಮಿ," ಎಂದಳು ಸಬೀನಾ.

ಅವನು ತಿರುಗಿದ. ಸಮವಸ್ತ್ರ ಕಂಡದ್ದೇ ಮುಖದ ತುಂಬ ನಗೆ ತಂದುಕೊಂಡ. "ಓಹೋ, ಬನ್ನಿ ಆಫೀಸರ್. ನೋಡಿ, ನಮ್ಮ ಊರು ಎಷ್ಟು ಸುರಕ್ಷಿತ, ಪೊಲೀಸರೇ ವಿಚಾರಿಸಿಕೊಂಡು ಹೋಗುತ್ತಾರೆ." ಮುದುಕಿ ನಕ್ಕಳು.

"ಆ ಒನಕೆ ಎಲ್ಲಿಂದ ಬಂತು?"

"ಯಾವುದು, ಈ ಕೋಲೇ?"

"ಕೋಲಲ್ಲ ಅದು. ಎಲ್ಲಿಂದ ಬಂತು?"

"ಅಲಂಕಾರದ ಸಾಮಾನು ಆಫೀಸರ್. ಡೋಲು, ಬುಟ್ಟಿ, ಮರಗೆಣಸು ಹಿಂಡುವ ಆ ಉದ್ದನೆಯ ಚೀಲ, ಎಲ್ಲ ಅಲ್ಲಲ್ಲಿಂದ ಬಂದದ್ದು. ನಾವು ಬಂದವರಿಗೆ ನಿಮ್ಮ ಸಂಸ್ಕೃತಿ ತೋರಿಸಬೇಕಲ್ಲ."

"ಕೆಳಗಿಳಿಸಿ."

"ಏನಂದಿರಿ?"

"ಕೆಳಗಿಳಿಸಿ ಅಂದೆ. ಇಲ್ಲ, ಬೇಡ. ಯಾರೂ ಮುಟ್ಟಬೇಡಿ. ನಾನೇ ಇಳಿಸ್ತೀನಿ."

ಅವಳು ಜೇಬಿನಿಂದ ಬಟ್ಟೆಯೊಂದನ್ನು ತೆಗೆದು, ಕುರ್ಚಿ ಎಳೆದು ಹತ್ತಿ, ಮೊಳೆಗೆ ಬಿಗಿದಿದ್ದ ಹಗ್ಗ ಬಿಚ್ಚಿದಳು. ಭಾರವಾದ ಮಹಾಗನಿ ಮರ, ಅವಳ ಎದೆಯೆತ್ತರ ಉದ್ದ. ನಡುವಿನಲ್ಲಿ ಅಜ್ಜಿಯ ಅಜ್ಜಿಯಿಂದ ಹಿಡಿದು ಎಲ್ಲರ ಕೈ ಸವೆಸಿದ ತಗ್ಗು. ಅದರ ಕೆಳಗೆ ಕಬ್ಬಿಣ ಕಾಯಿಸಿ ಸುತ್ತಲೂ ಸುಟ್ಟ ಕರಿಯ ಗೆರೆ. ಹಬ್ಬದ ದಿನ ನೆರೆಹೊರೆಯ ಒನಕೆಗಳ ನಡುವೆ ಗುರುತು ಸಿಗಲೆಂದು ಅಜ್ಜ ಹಾಕಿಕೊಟ್ಟ ಗೆರೆ ಅದು.

ಮಾವ ಸತ್ತ ಒಂಬತ್ತನೆಯ ರಾತ್ರಿಯ ಜಾಗರಣೆಗೆ ಬಾಳೆಕಾಯಿ ಕುಟ್ಟಲು ಹೋದ ಹೆಂಗಸರು ಒರಳಿನ ಮುಂದೆ ಬರಿಗೈಯಲ್ಲಿ ನಿಂತಿದ್ದರು. ಪಕ್ಕದ ಮನೆಯ ಒನಕೆ ತಂದು ಕುಟ್ಟಿದರೆ ಮುದ್ದೆಯೆಲ್ಲ ಗಂಟು ಗಂಟು. "ಬೇರೆಯವರ ಒನಕೆಗೆ ಈ ಒರಳು ಬಾಯಿ ಬಿಡಲ್ಲ ಕಣ್ರೇ, ಕಾತಾರಿನೋನ ಥರಾನೇ ಹಟ," ಎಂದು ಯಾರೋ ಹೇಳಿ, ಸಾವಿನ ಮನೆಯಲ್ಲೂ ಎಲ್ಲರನ್ನೂ ನಗಿಸಿದ್ದರು. ಸಬೀನಾ ನಕ್ಕಿರಲಿಲ್ಲ. ಅಂದಿನಿಂದ ಅವಳು ಈ ಒನಕೆಯನ್ನು ಸಮುದ್ರದ ದಂಡೆಯಲ್ಲಿ, ಹಿನ್ನೀರಿನ ಕೆಸರಿನಲ್ಲಿ, ಕಸದ ಗುಂಡಿಯಲ್ಲಿ ಹುಡುಕುತ್ತ ತಿರುಗಿದ್ದಳು.

ಅದು ಇಲ್ಲಿ ದೀಪದ ಕೆಳಗೆ ಗೋಡೆಯ ಮೇಲಿತ್ತು.

ಒನಕೆಯನ್ನು ಮೇಜಿನ ಮೇಲೆ ಮಲಗಿಸದೆ ಗೋಡೆಗೆ ನೇರ ಒರಗಿಸಿ ನಿಲ್ಲಿಸಿದಳು. ಸತ್ತವರ ಮನೆಯ ಒನಕೆಯನ್ನು ವರ್ಷ ತುಂಬುವವರೆಗೆ ಮಲಗಿಸಬಾರದೆಂದು ಅಜ್ಜಿಯ ಕಾಲದಿಂದ ಬಂದ ರೂಢಿ. ಕೈ ತಾನಾಗಿ ಹಾಗೆ ಮಾಡಿತು. ಆಮೇಲೆ ಅವಳು ಬಗ್ಗಿ ತಲೆಯ ಭಾಗವನ್ನು ನೋಡಿದಳು.

ಚೆನ್ನಾಗಿ ತೊಳೆದಿದ್ದರು. ತೊಳೆದು ಎಣ್ಣೆ ಸವರಿದ್ದರು. ಆದರೆ ಹಳೆಯ ಮರಕ್ಕೆ ಬಿರುಕು ಇದ್ದೇ ಇರುತ್ತದೆ. ತುದಿಯಿಂದ ಬೆರಳುದ್ದ ಇಳಿದಿದ್ದ ಸೀಳಿನೊಳಗೆ ಎಣ್ಣೆಗಿಂತ ಕಪ್ಪಾದ ಏನೋ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಸಿಕ್ಕಿಕೊಂಡು, ಗುಂಗುರಾಗಿ, ಒಂದು ಬಿಳಿ ಕೂದಲು.

ಸಬೀನಾ ಅದನ್ನೇ ನೋಡುತ್ತ ನಿಂತಳು. ಮಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲೆಗಳೊಳಗೆ ನಡೆಯುತ್ತಿದ್ದಾಗ ಅವಳು ಹಿಡಿದುಕೊಳ್ಳುತ್ತಿದ್ದದ್ದು ಅದೇ ಗುಂಗುರು ಕೂದಲನ್ನು. ಆಗ ಅದು ಕಪ್ಪಗಿತ್ತು.

"ಆಫೀಸರ್, ಈ ದಂಪತಿ ತುಂಬ ದೂರದಿಂದ ಬಂದಿದ್ದಾರೆ," ಎಂದ ಹ್ಯಾಲ್ಬರ್ಟ್, ದನಿ ತಗ್ಗಿಸಿ. "ನಿಮಗೆ ಆ ಕೋಲು ಬೇಕಿದ್ದರೆ ತೆಗೆದುಕೊಂಡು ಹೋಗಿ. ನನ್ನ ಕಡೆಯಿಂದ ಕಾಣಿಕೆ ಅಂದುಕೊಳ್ಳಿ."

"ಕಾಣಿಕೆ," ಎಂದಳು ಸಬೀನಾ. "ನನ್ನ ಅಜ್ಜಿ ಒನಕೆ ನನಗೆ ಕಾಣಿಕೆ ಕೊಡ್ತೀಯ."

ಗೌರವದ ಬಹುವಚನ ಎಲ್ಲೋ ಬಿದ್ದುಹೋಗಿತ್ತು. ಎತ್ತಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

"ಇದರಲ್ಲಿ ನನ್ನ ಮಾವನ ತಲೆಗೆ ಹೊಡೆದಿದ್ದಾರೆ. ಅದನ್ನ ನೀನು ಗೋಡೆಗೆ ತೂಗಿ ದೀಪ ಹಾಕಿ, ಬಂದೋರ ಕೈಲಿ ಸವರಿಸ್ತಾ ಇದ್ದೀಯ. ಇದರ ಮುಂದೆ ನಿಂತು ನಮ್ಮ ಜನ ಏನು ಕೇಳಿದ್ರೂ ನಗ್ತಾರೆ ಅಂತೀಯ. ನಾನು ನಗ್ತಾ ಇದೀನಾ ನೋಡು."

ಹುಲ್ಲು ಟೋಪಿಯ ಮುದುಕಿ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ಮೆಲ್ಲಗೆ ಅದನ್ನು ಲಂಗಕ್ಕೆ ಒರೆಸಿದಳು.

"ನಾನು ಯಾರನ್ನೂ ಮುಟ್ಟಿಲ್ಲ," ಎಂದ ಹ್ಯಾಲ್ಬರ್ಟ್. ನಗೆ ಹೋಗಿತ್ತು, ಕಿವಿ ಕೆಂಪಾಗಿತ್ತು. "ನಿಮ್ಮ ಮಾವ ಸತ್ತ ರಾತ್ರಿ ನಾನು ರಾಜಧಾನಿಯಲ್ಲಿದ್ದೆ. ಇಡೀ ಹೋಟೆಲು ಹೇಳುತ್ತೆ."

"ನೀನು ಎಲ್ಲಿದ್ದೆ ಅಂತ ಕೇಳಲಿಲ್ಲ. ಇದನ್ನ ಯಾರು ತಂದುಕೊಟ್ರು ಅಂತ ಕೇಳ್ದೆ."

"ಒಬ್ಬ ಹೆಂಗಸು."

"ಯಾವ ಹೆಂಗಸು?"

"ಈ ಊರಿನ ಒಬ್ಬ ಮುದುಕಿ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಬುಟ್ಟಿ ಹೊತ್ತಿದ್ದಳು. ಎಲ್ಲರೂ ಹಾಗೇ ಕಟ್ಟುತ್ತಾರೆ, ಎಲ್ಲರೂ ಹೊರುತ್ತಾರೆ, ನನಗೆ ಹೇಗೆ ಗುರುತು ಸಿಗಬೇಕು?" ಅವನು ಕೈ ಚೆಲ್ಲಿದ. "ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಮಲಗಿಸಬೇಡ, ನೇರವಾಗಿ ಎತ್ತರದಲ್ಲಿ ನಿಲ್ಲಿಸು ಅಂದಳು. ವಿಚಿತ್ರ ಅನ್ನಿಸಿತು, ಆದರೂ ಹಾಗೇ ಮಾಡಿದೆ. ನಿಮ್ಮ ಸಂಸ್ಕೃತಿಗೆ ನಾವು ಮರ್ಯಾದೆ ಕೊಡುತ್ತೇವೆ."

ಸಬೀನಾ ಮತ್ತೆ ಒನಕೆಯತ್ತ ತಿರುಗಿದಳು.

ಹೊರಗಿನವನು ಕೊಂದಿದ್ದರೆ ಈ ಒನಕೆಯನ್ನು ಸಮುದ್ರಕ್ಕೆ ಬಿಸಾಡುತ್ತಿದ್ದ. ದಂಡೆಗೆ ದಿನಾ ಬಂದು ಬೀಳುವ ಕಟ್ಟಿಗೆಗಳಲ್ಲಿ ಒಂದಾಗಿ ಅದು ಎಲ್ಲೋ ಕೊಳೆಯುತ್ತಿತ್ತು, ಯಾವ ಸಾರ್ಜೆಂಟಿಗೂ ಸಿಗುತ್ತಿರಲಿಲ್ಲ. ಕಣ್ಣಿಗೆ ಬೀಳದ ಹಾಗೆ ಬಚ್ಚಿಡಬೇಕು, ಆದರೆ ಬಿಸಾಡಲು ಕೈ ಬಾರದು, ಮಲಗಿಸಲೂ ಬಾರದು. ಇಂಥ ದಡ್ಡತನ ಅದರ ಶಬ್ದಕ್ಕೆ ಎದ್ದು, ಅದು ಕುಟ್ಟಿದ್ದನ್ನು ತಿಂದು ಬೆಳೆದವರಿಗೆ ಮಾತ್ರ ಸಾಧ್ಯ.

ಈ ಹಾಳು ಸಿಟ್ಟು ಇಷ್ಟು ದಿನ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಅವಳು ಮೂಗನ್ನು ಮರದ ಹತ್ತಿರ ತಂದಳು. ತೆಂಗಿನೆಣ್ಣೆ. ತುಸು ಸೀದ ವಾಸನೆ, ಅದರ ಹಿಂದೆ ಗಂಧಮೆಣಸಿನ ಎಲೆಯ ಘಾಟು.

ಹಾಗೆ ಎಣ್ಣೆ ಕಾಸುವವಳು ಇಡೀ ಊರಿನಲ್ಲಿ ಒಬ್ಬಳೇ.

ಅವಳು ಆ ಯೋಚನೆಯನ್ನು ಅಲ್ಲೇ ಅದುಮಿ, ಫೋನು ತೆಗೆದು ವೆಸ್ಟ್‌ಬಿಗೆ ಕರೆ ಮಾಡಿದಳು. ಒಂದು ಕಣ್ಣು ಕಿಟಕಿಯ ಮೇಲಿತ್ತು. ಆಚೆ ಮಾವನ ಅಂಗಳ, ಅಂಗಳದ ನಡುವೆ ಬೋರಲು ಹಾಕಿದ ಒರಳು. ಬೆಳಗಿನಿಂದ ಅದರ ಮೇಲೆ ದೊಡ್ಡಮ್ಮ ಎಪಿಫಾನಿಯಾ ಕೂತಿದ್ದಳು, ಸತ್ತವನ ಅಕ್ಕ. ತಾಯಿ ಸತ್ತ ಮೇಲೆ ಸಬೀನಾಳನ್ನೂ ಅವಳ ತಮ್ಮ ನಿಕಾನೋರನನ್ನೂ ಸಾಕಿದವಳು ಅವಳೇ. ಯಂತ್ರ ಹಾಯುವುದಿದ್ದರೆ ತನ್ನ ಮೇಲೇ ಹಾಯಲಿ ಎಂದು ಪಟ್ಟು ಹಿಡಿದು ಕೂತವಳು.

ಈಗ ಒರಳು ಖಾಲಿಯಾಗಿತ್ತು.

ಯಂತ್ರದ ಮೇಲೆ ಕೂತಿದ್ದವನು ನಿಕಾನೋರ್.

ಬೆಳಗ್ಗೆ ಅವಳು ಅವನ ಹತ್ತಿರ ಹೋಗಿದ್ದಳು. ಅವನು ಕರಿದ ರೊಟ್ಟಿಯನ್ನು ಮುರಿದು ಅರ್ಧ ಚಾಚಿದ್ದ. ಅವಳು ತೆಗೆದುಕೊಂಡಿರಲಿಲ್ಲ.

"ಇಳಿಯೋ ಕೆಳಗೆ. ನಾಚಿಕೆ ಆಗಲ್ವಾ?"

"ನಾನು ಇಳಿದ್ರೆ ಬೇರೆ ಊರಿಂದ ಇನ್ನೊಬ್ಬನ್ನ ಕರಸ್ತಾರೆ ಅಕ್ಕಾ. ಅವನು ನಿಂಗೆ ರೊಟ್ಟಿ ಕೊಡ್ತಾನಾ?"

"ನೀನು ಹುಟ್ಟಿದ ಮನೆ ಅದು."

"ಗೊತ್ತು ಬಿಡು. ಅಂಗಳ ಗುಡಿಸಿದ್ದೂ ನಾನೇ." ಅವನ ಕಣ್ಣು ನಿದ್ದೆಗೆಟ್ಟು ಊದಿತ್ತು. ತಿರುಗಿ ಹೊರಟವಳನ್ನು ಕರೆದು ಕೇಳಿದ್ದ, "ಸಾಮಾನೆಲ್ಲ ತೆಗೆದ್ರಾ? ಅಜ್ಜಿ ಒನಕೆ ಸಿಕ್ತಾ?"

"ಸಿಕ್ಕಿದ್ರೆ ಮೊದಲು ನಿನ್ನ ಬೆನ್ನ ಮೇಲೆ ಹಾಕ್ತಿದ್ದೆ," ಎಂದು ಉಗಿದು ಬಂದಿದ್ದಳು. ಅಷ್ಟಾದರೂ ನೆನಪಿದೆಯಲ್ಲ ಎಂದು ಒಳಗೊಳಗೆ ಕರಗಿಯೂ ಇದ್ದಳು.

"ವೆಸ್ಟ್‌ಬಿ," ಎಂದಿತು ಫೋನು.

"ಸಿಕ್ತು ಸರ್. ಕೈಯಲ್ಲಿ ಹಿಡಿಯೋ ಅಂಥದ್ದು. ಹೊಡೆದ ಒನಕೆ. ಸೀಳಲ್ಲಿ ರಕ್ತ ಇದೆ, ಅವನ ಕೂದಲಿದೆ. ಕಂಪನಿ ಕಚೇರಿ ಗೋಡೆ ಮೇಲಿತ್ತು."

ಆ ಕಡೆ ಕುರ್ಚಿ ಕಿರುಗುಟ್ಟಿತು. "ಕೂದಲು ಅವನದೇ ಅಂತ ಪ್ರಯೋಗಾಲಯ ಹೇಳೋ ಹೊತ್ತಿಗೆ ಅಲ್ಲಿ ಈಜುಕೊಳ ಆಗಿರುತ್ತೆ. ಕಂಪನಿ ವಕೀಲ ನನ್ನ ಮುಂದೇನೇ ಕೂತಿದ್ದಾನೆ. ಸಂತೇಲಿ ಕೊಂಡಿದ್ದು ಅಂತಾನೆ. ಅದು ಆ ಮನೆಯದು, ಆ ದಿನ ಆ ಮನೆಯಿಂದ ಹೋಯ್ತು ಅಂತ ಹೇಳೋರು ಒಬ್ಬರಾದ್ರೂ ಬೇಕು. ನೀನಲ್ಲ, ನೀನು ಸೋದರಸೊಸೆ. ಬೇರೆ ಯಾರಾದ್ರೂ."

"ಹುಡುಕ್ತೀನಿ ಸರ್. ಸ್ವಲ್ಪ ಹೊತ್ತು ಯಂತ್ರ ನಿಲ್ಸಿ."

"ಯಾರಾದ್ರೂ ಹೇಳಿದ್ರೆ ನಿಲ್ಲಿಸ್ತೀನಿ."

"ನಾನು ಹೇಳ್ತೀನಿ," ಎಂದಳು ಎಪಿಫಾನಿಯಾ.

ಅವಳು ಬಾಗಿಲಲ್ಲಿ ನಿಂತಿದ್ದಳು. ಹಳದಿ ತಲೆವಸ್ತ್ರ, ಬರಿಗಾಲು, ಲಂಗದ ಅಂಚಿಗೆ ಅಂಟಿದ ಮರಳು. ಆ ಹೊಳೆಯುವ ನೆಲದ ಮೇಲೆ ಕಾಲಿಡುವ ಮುಂಚೆ ಅಂಗಾಲನ್ನು ಹೊಸ್ತಿಲಿಗೆ ಒರೆಸಿಕೊಂಡಳು.

"ಇವಳೇ," ಎಂದ ಹ್ಯಾಲ್ಬರ್ಟ್. "ಅವತ್ತು ಬಂದವಳು ಇವಳೇ ಇರಬೇಕು."

"ಇರಬೇಕು ಅಲ್ಲಪ್ಪ, ನಾನೇ," ಎಂದಳು ಎಪಿಫಾನಿಯಾ. "ಒಂದು ಲೋಟ ನೀರೂ ಕೊಡದೆ ಕಳಿಸಿದೆಯಲ್ಲ, ನಂಗೆ ನೆನಪಿದೆ."

"ದೊಡ್ಡಮ್ಮಾ, ಸುಮ್ಮನಿರು," ಎಂದಳು ಸಬೀನಾ. "ಏನೂ ಮಾತಾಡ್ಬೇಡ. ಹೊರಗೆ ಹೋಗು."

"ಬೆಳಗ್ಗಿಂದ ಸುಮ್ಮನೆ ಕೂತು ಸೊಂಟ ಹಿಡೀತು. ಫೋನಲ್ಲಿರೋದು ನಿನ್ನ ದೊಡ್ಡ ಸಾಹೇಬನಾ? ಕೇಳಿಸ್ಕೊಳ್ಳೋ ಹಾಗೆ ಹಿಡಿ ಅದನ್ನ." ಮುದುಕಿ ಎರಡು ಹೆಜ್ಜೆ ಮುಂದೆ ಬಂದು ದನಿ ಎತ್ತರಿಸಿದಳು. "ಈ ಒನಕೆ ನನ್ನ ತಾಯೀದು. ಕಾತಾರಿನೋನ ಮನೇದು. ಅದರಿಂದ ಅವನಿಗೆ ಹೊಡೆದದ್ದು ನಾನು. ಅವನ ಅಡುಗೆಮನೆ ಬಾಗಿಲಲ್ಲೇ ಹೊಡೆದೆ. ತೊಳೆದದ್ದು ನಾನು, ಎಣ್ಣೆ ಹಚ್ಚಿದ್ದು ನಾನು, ಇಲ್ಲಿ ತಂದಿಟ್ಟದ್ದು ನಾನು. ನಮ್ಮ ಊರಿನೋರು ಯಾರೂ ಕಾಲಿಡದ ಜಾಗ ಅಂದ್ರೆ ಇದೊಂದೇ."

ಹುಲ್ಲು ಟೋಪಿಯವಳು ಗಂಡನ ತೋಳು ಹಿಡಿದುಕೊಂಡಿದ್ದಳು.

"ಯಾಕೆ ಹೊಡೆದೆ?" ಎಂದಳು ಸಬೀನಾ.

"ಮನೆ ಬಿಟ್ಟುಕೊಡ್ತೀನಿ ಅಂದ. ಇವರ ಜತೆ ಮಾತು ಮುಗಿದಿದೆ ಅಂದ. ಸಿಟ್ಟು ಬಂತು. ನಿನಗೆ ಬರಲ್ವಾ?"

"ಇಲ್ಲವಲ್ಲ," ಎಂದ ಹ್ಯಾಲ್ಬರ್ಟ್, ತನಗರಿವಿಲ್ಲದೆ. ಎಲ್ಲರೂ ಅವನತ್ತ ತಿರುಗಿದರು. "ಅವನು ಒಪ್ಪಿರಲಿಲ್ಲ. ನಾನು ರಾಜಧಾನಿಗೆ ಹೊರಡುವ ಮುಂಚೆ ಕೊನೆಯ ಸಲ ಕೇಳಲು ಹೋದೆ. ಮೀನು ತೊಳೆದ ನೀರನ್ನು ನನ್ನ ಅಂಗಿಯ ಮೇಲೆ ಎರಚಿದ. ಆ ಅಂಗಿ ಎಸೆಯಬೇಕಾಯಿತು."

ಎಪಿಫಾನಿಯಾ ಅವನನ್ನು ಕೊಂದುಹಾಕುವ ಹಾಗೆ ನೋಡಿದಳು. ಕೊಂದೆ ಎಂದು ಹೇಳುವಾಗಲೂ ಅವಳ ಮುಖದಲ್ಲಿ ಆ ನೋಟ ಇರಲಿಲ್ಲ.

"ಕೇಳಿಸ್ತು," ಎಂದಿತು ಫೋನು. ವೆಸ್ಟ್‌ಬಿಯ ದನಿ ತೆಳ್ಳಗಾಗಿತ್ತು. "ತಪ್ಪೊಪ್ಪಿಗೆ ನನ್ನ ಕಿವಿಗೇ ಬಿತ್ತು, ವಕೀಲರ ಕಿವಿಗೂ ಬಿತ್ತು. ಮನೆ ಯಾರೂ ಮುಟ್ಟಬಾರದು. ಯಂತ್ರ ನಿಲ್ಲಿಸೋಕೆ ಹೇಳು ಅಲ್ಲಿರೋರಿಗೆ."

ಹ್ಯಾಲ್ಬರ್ಟ್ ಹಲ್ಲು ಕಚ್ಚಿ ಕಿಟಕಿಯ ಬಳಿ ಹೋಗಿ, ಹೊರಗೆ ಕೈ ಅಡ್ಡಡ್ಡ ಬೀಸಿದ.

ಯಂತ್ರ ಕೆಮ್ಮಿ ನಿಂತಿತು. ಅದು ನಿಂತ ಮೇಲೆ ಸಮುದ್ರದ ಸದ್ದು ಒಳಗೆ ಬಂತು. ಬೆಳಗಿನಿಂದ ಅದು ಅಲ್ಲೇ ಇದ್ದಿರಬೇಕು, ಯಾರಿಗೂ ಕೇಳಿಸಿರಲಿಲ್ಲ.

ಮನೆ ಉಳಿಯಿತು. ಇಷ್ಟು ದಿನ ಸಬೀನಾ ಬೇಡಿಕೊಂಡದ್ದು ಅದನ್ನೇ. ಅವಳ ಬಾಯಿಯೆಲ್ಲ ಕಹಿಯಾಗಿತ್ತು.

"ಬೇಡಿ ಹಾಕು," ಎಂದಳು ಎಪಿಫಾನಿಯಾ, ಎರಡೂ ಕೈ ಮುಂದೆ ಚಾಚಿ.

ಚಾಚಿದ ಎಡಗೈ ಎದೆಯ ಮಟ್ಟಕ್ಕೆ ಬಂತು. ಬಲಗೈ ಹೊಟ್ಟೆಯ ಹತ್ತಿರವೇ ನಿಂತುಹೋಯಿತು.

ಸಬೀನಾ ಆ ಬಲಗೈಯನ್ನು ನೋಡಿದಳು. ಈಸ್ಟರ್ ಹಬ್ಬದ ಹೊತ್ತಿಗೆ, ಕಾತಾರಿನೋ ಇನ್ನೂ ಬದುಕಿದ್ದಾಗಲೇ, ದೋಣಿ ಎಳೆಯುವಾಗ ಬಿದ್ದು ಭುಜ ಕಳಚಿಕೊಂಡಿದ್ದಳು ಮುದುಕಿ. ನಾಟಿ ವೈದ್ಯೆ ಕೂರಿಸಿದ ಮೇಲೂ ಆ ತೋಳು ಸೊಂಟದಿಂದ ಮೇಲೆ ಏಳುತ್ತಿರಲಿಲ್ಲ. ಇವತ್ತು ಬೆಳಗ್ಗೆ ಈ ಹಳದಿ ತಲೆವಸ್ತ್ರ ಕಟ್ಟಿದವಳು ಸಬೀನಾ. ಕಟ್ಟುವಾಗ ಮುದುಕಿ, "ನನ್ನ ತಲೆ ನಾನೇ ಮುಟ್ಟಿಕೊಳ್ಳೋಕೆ ಆಗದ ಕಾಲ ಬಂತು ನೋಡು," ಎಂದು ನಕ್ಕಿದ್ದಳು.

ತನ್ನ ತಲೆಯನ್ನು ಮುಟ್ಟಲಾರದವಳು, ತನಗಿಂತ ಎರಡು ಗೇಣು ಎತ್ತರದ ತಮ್ಮನ ನಡುನೆತ್ತಿಯ ಮೇಲೆ ಆ ಭಾರದ ಒನಕೆಯನ್ನು ಇಳಿಸಿದಳಂತೆ.

"ದೊಡ್ಡಮ್ಮಾ," ಎಂದು ಪಿಸುಗುಟ್ಟಿದಳು ಸಬೀನಾ. ಫೋನನ್ನು ಎದೆಗೆ ಒತ್ತಿಕೊಂಡಿದ್ದಳು. "ಬಲಗೈ ಎತ್ತು ನೋಡೋಣ."

"ಬೇಡಿ ಹಾಕೋಕೆ ಎತ್ತಬೇಕಾ? ಹೀಗೇ ಹಾಕು."

"ತೊಳೆದದ್ದು ನೀನೇ. ಎಣ್ಣೆ ನಿಂದೇ, ವಾಸನೆ ಸಿಕ್ತು ನಂಗೆ. ಇಲ್ಲಿ ತಂದಿಟ್ಟಿದ್ದೂ ನಿಜ. ಹೊಡೆದದ್ದು ಯಾರು?"

"ಹೇಳಿದ್ನಲ್ಲ."

"ನನ್ನ ಕಣ್ಣು ನೋಡಿ ಹೇಳು."

ಎಪಿಫಾನಿಯಾ ಅವಳ ಕಣ್ಣು ನೋಡಲಿಲ್ಲ. ಕಿಟಕಿಯಾಚೆ ನೋಡಿದಳು, ಕೂಡಲೇ ನೋಟ ಕಿತ್ತುಕೊಂಡಳು. ಬಿಸಿಲಿಗೆ ಸುಕ್ಕುಗಟ್ಟಿದ ಆ ಮುಖದಲ್ಲಿ ಸಬೀನಾ ಹುಟ್ಟಿದಾರಭ್ಯ ಕಾಣದ ಒಂದು ಭಯ ಹಾದುಹೋಯಿತು. ಚಂಡಮಾರುತ ಮನೆಯ ಸೂರನ್ನು ಹೊತ್ತುಕೊಂಡು ಹೋದ ದಿನವೂ ಅದು ಕಂಡಿರಲಿಲ್ಲ.

"ಬೇಗ ಹಾಕು ಮಗಳೇ," ಎಂದಳು. "ನಿನ್ನ ಕಾಲಿಗೆ ಬೀಳ್ತೀನಿ. ಅವನು ಒಳಗೆ ಬರೋದ್ರೊಳಗೆ ಹಾಕು. ಅವನ ಕಡೆ ನೋಡಬೇಡ."

"ಯಾರ ಕಡೆ?"

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ನಿಕಾನೋರ್ ಬಾಗಿಲಿಗೆ ಬಂದು ನಿಂತ. ಯಂತ್ರದ ಧೂಳಿಗೆ ಹುಬ್ಬು ಬೆಳ್ಳಗಾಗಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ, ಚರ್ಚಿನೊಳಗೆ ಬಂದವನ ಹಾಗೆ. ಯಂತ್ರ ಯಾಕೆ ನಿಲ್ಲಿಸಿದಿರಿ ಎಂದು ಕೇಳಲಿಲ್ಲ. ದೊಡ್ಡಮ್ಮ ಯಾಕೆ ಕೈ ಚಾಚಿಕೊಂಡಿದ್ದಾಳೆ ಎಂದೂ ಕೇಳಲಿಲ್ಲ. ಅವನ ಕಣ್ಣು ಖಾಲಿ ಮೊಳೆಯ ಮೇಲೆ ಹೋಯಿತು, ಉರಿಯುತ್ತಿದ್ದ ದೀಪದ ಮೇಲೆ ಹೋಯಿತು, ಅಲ್ಲಿಂದ ಇಳಿದು ಗೋಡೆಗೆ ನೇರ ನಿಂತಿದ್ದ ಒನಕೆಯ ಮೇಲೆ ಬಂದು ನಿಂತಿತು.

ಅವನ ಭುಜ ಕುಸಿಯಿತು. ಬಹಳ ದಿನ ಹೊತ್ತ ಮೂಟೆ ಇಳಿಸಿದವನ ಹಾಗೆ ಉಸಿರು ಬಿಟ್ಟ.

"ಅದು ಇಲ್ಲಿತ್ತಾ?" ಎಂದ. "ಆ ರಾತ್ರಿ ದೋಣಿ ಬಿಟ್ಟು ತಿರುಗಿ ಬರೋ ಹೊತ್ತಿಗೆ ಬಾಗಿಲಲ್ಲಿ ಇರಲಿಲ್ಲ. ನಾನು ಸಮುದ್ರದ ತಳವೆಲ್ಲ ಹುಡುಕಿದೆ."

ಎಪಿಫಾನಿಯಾ ಕಣ್ಣು ಮುಚ್ಚಿಕೊಂಡಳು.

ಸಬೀನಾ ಎದೆಗೆ ಒತ್ತಿ ಹಿಡಿದಿದ್ದ ಫೋನು ಅವಳ ಬೆರಳುಗಳ ನಡುವಿನಿಂದ ಮಾತಾಡಿತು. ಕರೆ ಕತ್ತರಿಸಲು ಅವಳು ಮರೆತಿದ್ದಳು.

"ಸಾರ್ಜೆಂಟ್," ಎಂದ ವೆಸ್ಟ್‌ಬಿ, "ಈಗ ಮಾತಾಡಿದ್ದು ಯಾರು?"